ಸಲಾಂ ಇಲ್ಲದ ಕರೆ

ಟುಬ್ಲಿ ಕೊಲ್ಲಿಯಲ್ಲಿ ನೀರು ಇಳಿದಾಗ ಕೆಸರಿನಿಂದ ಒಂದು ವಾಸನೆ ಏಳುತ್ತದೆ. ಕೊಳೆತ ಪಾಚಿ, ಉಪ್ಪು, ಸತ್ತ ಏಡಿ, ಅದರ ಮೇಲೆ ಗ್ಯಾರೇಜುಗಳ ಡೀಸೆಲ್ಲು. ಮೂಗಿದ್ದವರು ಯಾರೂ ಅದನ್ನು ಹೊಗಳಲಾರರು. ಹೋದ ಸಲ ರಿಫಾದಲ್ಲಿರುವ ಮಗಳ ಬಾಣಂತನಕ್ಕೆಂದು ಬಹ್ರೇನಿಗೆ ಹೋದಾಗ, ವಿಮಾನ ನಿಲ್ದಾಣದಿಂದ ನನ್ನನ್ನು ಕರೆದೊಯ್ಯುತ್ತಿದ್ದ ಅಳಿಯ ಆ ದಾರಿಯಲ್ಲಿ ಕಾರಿನ ಗಾಜು ಏರಿಸಲು ಹೊರಟ.

“ಇರ್ಲಿ, ಏರಿಸ್ಬೇಡ,” ಎಂದೆ.

“ಎಂತ ಮಮ್ಮಿ, ಈ ವಾಸನೆ! ಪಾಪುವಿಗೆ ತಂದ ಬಟ್ಟೆಗೆಲ್ಲ ಹಿಡೀತದೆ.”

“ಹಿಡೀಲಿ. ತೊಳಿಯುದು ನಾನೇ ಅಲ್ವಾ?”

ಅವನು ಗಾಜನ್ನು ಹಾಗೆಯೇ ಬಿಟ್ಟ. ನನ್ನ ಬಾಯಿಯ ಪರಿಚಯ ಅವನಿಗೆ ಚೆನ್ನಾಗಿ ಉಂಟು. ನಾನು ಮುಖ ಹೊರಗೆ ತಿರುಗಿಸಿಕೊಂಡೆ. ಕೊಲ್ಲಿ ಇನ್ನಷ್ಟು ಚಿಕ್ಕದಾಗಿತ್ತು. ಮಣ್ಣು ಸುರಿದು ಸುರಿದು ಸಮುದ್ರವನ್ನೇ ಹಿಂದೆ ತಳ್ಳಿದ್ದರು. ನಮ್ಮ ಆಫೀಸಿದ್ದ ಕಟ್ಟಡದಲ್ಲಿ ಈಗ ಟೈರಿನ ಅಂಗಡಿ. ಮೇಲಿನ ಮಹಡಿಯ ಕಿಟಕಿ ಮಾತ್ರ ಹಾಗೆಯೇ ಇತ್ತು. ಆ ಕಿಟಕಿಯ ಬಳಿ ನಿಂತಿರುತ್ತಿದ್ದ ಶಾಹಿದಾ ನೆನಪಾದಳು. ಕಣ್ಣೊರೆಸಿಕೊಳ್ಳುವುದು ಅಳಿಯನಿಗೆ ಕಾಣಬಾರದೆಂದು ಸೀನಿದ ಹಾಗೆ ಮಾಡಿದೆ.

ನಾವು ಬಹ್ರೇನಿನಲ್ಲಿದ್ದ ಆ ಕಾಲಕ್ಕೆ ಸುನಾಮಿ ಬಂದು ಹೋಗಿ ಕೆಲವು ವರ್ಷಗಳಾಗಿದ್ದವು. ಪುಟ್ಟ ಪುಟ್ಟ ದ್ವೀಪದೇಶಗಳು ಕೆಲವು ಸೇರಿ, ದೊಡ್ಡವರು ಬಂದು ಎತ್ತುವವರೆಗೆ ಕಾಯುವುದು ಬೇಡ, ನಮಗೆ ನಾವೇ ಆಗೋಣ ಎಂದು ಒಂದು ಯೋಜನೆ ಹಾಕಿಕೊಂಡಿದ್ದವು. ಅದಕ್ಕೆ ಜೋಡಿ ದ್ವೀಪ ಎಂದು ಹೆಸರು. ಒಂದು ದ್ವೀಪದಲ್ಲಿ ಸಮುದ್ರ ಏರುವಾಗ ಅಲ್ಲಿಯ ಅಧಿಕಾರಿ ದೋಣಿಗಳನ್ನು ಕಟ್ಟಿಹಾಕಿಸಬೇಕು, ಶಾಲೆಯ ಬೀಗ ತೆಗೆಸಬೇಕು, ಮುದುಕರನ್ನು ಹೊರಿಸಬೇಕು. ಮನೆಮನೆಗೂ ಫೋನ್ ಮಾಡುತ್ತ ಕೂರಲು ಪುರುಸೊತ್ತೆಲ್ಲಿ? ಆ ಕೆಲಸವನ್ನು ದೂರದ ಇನ್ನೊಂದು ದ್ವೀಪದವರು ಮಾಡಿಕೊಡಬೇಕು. ಅವರು ಬೇರೆ ಸಾಗರದವರಾದರೆ ಒಳ್ಳೆಯದು, ಎರಡು ಕಡೆಯೂ ಒಟ್ಟಿಗೆ ನೀರು ಏರುವುದಿಲ್ಲವಲ್ಲ.

ಇದನ್ನು ಮಾಡಿ ನೋಡುವುದಕ್ಕೆ ಬಹ್ರೇನನ್ನು ಆರಿಸಿದ್ದರು. ಇದೂ ದ್ವೀಪವೇ. ಆದರೆ ಚಂಡಮಾರುತ ಇತ್ತ ಸುಳಿಯುವುದಿಲ್ಲ, ಫೋನಿನ ಲೈನು ಗಟ್ಟಿ. ಟುಬ್ಲಿಯಲ್ಲಿ ಕೊಲ್ಲಿಗೆ ಮುಖ ಮಾಡಿದ ಎರಡು ಕೋಣೆ ಬಾಡಿಗೆಗೆ ಹಿಡಿದು ಮೇಜು, ಫೋನು, ನಕ್ಷೆ ಇಟ್ಟರು. ಟೈಪಿಂಗ್, ವೀಸಾ ಕಾಗದ, ಚಹಾ, ಜಗಳ ಬಿಡಿಸುವುದು, ಇದಿಷ್ಟಕ್ಕೆ ನನ್ನನ್ನು ಇಟ್ಟರು. ನನ್ನ ಗಂಡ ಸ್ಟ್ಯಾನಿಯ ಗ್ಯಾರೇಜು ಅಲ್ಲೇ ಹಿಂದಿನ ಬೀದಿಯಲ್ಲಿ. ಅವರಿಗೆ ಖುಷಿ. “ನಿನಗೆ ಒಳ್ಳೇದಾಯ್ತು. ಮನೇಲಿ ನಂಗೆ ಬೈಯುದು ಸ್ವಲ್ಪ ಕಮ್ಮಿ ಆಗ್ತದೆ,” ಎಂದರು. ಕಮ್ಮಿ ಆಗಲಿಲ್ಲ.

ಆಫೀಸಿನ ಯಜಮಾನ ಅಬು ಜಾಸಿಂ, ಬಹ್ರೇನಿನವರೇ, ಬಂದರು ಇಲಾಖೆಯಿಂದ ನಿವೃತ್ತರಾದವರು. ಬೆಳಿಗ್ಗೆ ಒಳಗೆ ಬಂದರೆಂದರೆ ಮೊದಲು ಸಲಾಂ, ಆಮೇಲೆ “ಶ್ಲೋನಿಚ್?”, ಅಂದರೆ ಹೇಗಿದ್ದೀ, ಆಮೇಲೆ ಏನು ಸುದ್ದಿ, ಗಂಡ ಹೇಗಿದ್ದಾನೆ, ಮಗಳು ಹೇಗಿದ್ದಾಳೆ, ಊರಲ್ಲಿ ಅಮ್ಮ ಹೇಗಿದ್ದಾರೆ. ಎಲ್ಲಕ್ಕೂ “ಅಲ್‌ಹಮ್ದುಲಿಲ್ಲಾ” ಎನ್ನುವಷ್ಟರಲ್ಲಿ ನನ್ನ ಚಹಾ ಉಕ್ಕಿ ಸ್ಟವ್ವಿನ ಮೇಲೆ. ನಿನ್ನೆ ಸಂಜೆ ಬಿಟ್ಟು ಹೋದವರಿಗೆ ಇಷ್ಟರೊಳಗೆ ಏನಾಗಿರಲು ಸಾಧ್ಯ ಎಂದು ನಾನು ಒಳಗೊಳಗೇ ಗೊಣಗುತ್ತಿದ್ದೆ.

ಶಾಹಿದಾ ಮಾಲ್ದೀವ್ಸ್‌ನ ದಕ್ಷಿಣದ ಒಂದು ಚಿಕ್ಕ ದ್ವೀಪದವಳು. ಅಲ್ಲಿಯ ದ್ವೀಪ ಕಚೇರಿಯಲ್ಲಿ ಕೆಲಸ. ಮೂವತ್ತರ ಆಸುಪಾಸು, ಸಪೂರ, ಕಡ್ಡಿ ಮುರಿದ ಹಾಗೆ ಮಾತು. ಅವಳ ಅಪ್ಪ ಹೋಗಿ ತುಂಬ ವರ್ಷವಾಗಿತ್ತು. ಇದ್ದದ್ದು ಅಮ್ಮ ಒಬ್ಬಳೇ. ಅಮ್ಮನ ಕಣ್ಣಿನ ಆಪರೇಷನ್ನಿಗೆ ಮಂಗಳೂರಿಗೆ ಬಂದು ಕಂಕನಾಡಿಯಲ್ಲಿ ಕೋಣೆ ಮಾಡಿಕೊಂಡಿದ್ದಳಂತೆ. ನನ್ನ ಊರು ಮಂಗಳೂರಿನ ಕಡೆಯ ಶಿರ್ವ ಎಂದು ಗೊತ್ತಾದದ್ದೇ ತಡ, “ಎಂತ? ಬಸ್ ಉಂಟಾ? ಸಾಕು, ಸಾಕು!” ಎಂದು ಅಲ್ಲಿ ಕಲಿತ ಕನ್ನಡವನ್ನೆಲ್ಲ ಒಂದೇ ಉಸಿರಿಗೆ ಸುರಿದಳು. ಉಳಿದಂತೆ ನಮ್ಮದು ಹಿಂದಿಯಲ್ಲಿ ಮಾತು.

ಅವಳ ಜೋಡಿ ಟೋಮಾ. ಪೆಸಿಫಿಕ್‌ನ ಒಂದು ದ್ವೀಪದವನು, ಬಾಗಿಲು ತುಂಬುವಷ್ಟು ದೊಡ್ಡ ಆಳು, ಧ್ವನಿ ಮಾತ್ರ ಮೃದು. ಶಾಹಿದಾಳ ದ್ವೀಪಕ್ಕೆ ಅವನು ಫೋನ್ ಮಾಡಬೇಕು, ಅವನ ದ್ವೀಪಕ್ಕೆ ಅವಳು. ಅದಕ್ಕಾಗಿ ಒಬ್ಬರ ಭಾಷೆಯ ನಾಲ್ಕು ಮಾತು ಇನ್ನೊಬ್ಬರು ಬಾಯಿಪಾಠ ಮಾಡಬೇಕಿತ್ತು. ಟೋಮಾ ಶಾಹಿದಾಳ ದಿವೇಹಿ ಭಾಷೆಯನ್ನು ಜಪದಂತೆ ಗುನುಗುತ್ತ ನಾನು ತಂದ ನೀರುದೋಸೆಯನ್ನು ಒಂದೂ ಬಿಡದೆ ಮುಗಿಸುತ್ತಿದ್ದ. “ಮಾರಾಯಾ, ನಿನ್ನನ್ನು ಸಾಕುವ ಬದಲು ನಿನ್ನ ದ್ವೀಪವನ್ನೇ ಸಾಕಬಹುದು,” ಎಂದರೆ ಅರ್ಥವಾಗದಿದ್ದರೂ ನಗುತ್ತಿದ್ದ.

ಆ ಚಳಿಗಾಲದಲ್ಲಿ ಬಹ್ರೇನಿಗೆ ಒಂದು ಮಳೆ ಬಂತು. ನಮ್ಮ ಊರಲ್ಲಾದರೆ ಅದನ್ನು ಮಳೆ ಎನ್ನುವವರಿಲ್ಲ. ಇಲ್ಲಿ ಚರಂಡಿ ಇಲ್ಲದ ರಸ್ತೆಗಳಲ್ಲಿ ಕಾರುಗಳು ತೇಲಿದವು, ಟ್ಯಾಂಕರುಗಳು ಬಂದು ಪೈಪು ಇಳಿಸಿ ರಸ್ತೆಯ ನೀರನ್ನು ಹೀರಿಕೊಂಡು ಹೋದವು. ಸ್ಟ್ಯಾನಿಯ ಗ್ಯಾರೇಜಿನೊಳಗೆ ಮೊಣಕಾಲುದ್ದ ನೀರು. ಟೋಮಾ ಕಿಟಕಿಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿದ ಮೇಲೆ ಪ್ಯಾಂಟು ಮಡಚಿ ಇಳಿದು ಹೋಗಿ ಸಂಜೆಯವರೆಗೆ ಬಕೆಟ್ಟಿನಲ್ಲಿ ನೀರು ಎತ್ತಿ ಹಾಕಿದ. ಶಾಹಿದಾ ಮಾತ್ರ ನಗಲಿಲ್ಲ. ನೀರು ಎಲ್ಲಿಂದ ಬಂದು ಎಲ್ಲಿ ನಿಂತಿತು ಎಂದು ರಸ್ತೆಯನ್ನೇ ನೋಡುತ್ತಿದ್ದಳು.

ಅವಳು ಈ ಕೆಲಸಕ್ಕೆ ಬಂದದ್ದು ಸುಮ್ಮನೆ ಅಲ್ಲ. ಅಂದು ನೀರು ಇಳಿದ ಮೇಲೆ ಚಹಾ ಕುಡಿಯುತ್ತ ಹೇಳಿದಳು.

“ಸುನಾಮಿಯ ದಿನ ನಮ್ಮ ಕಚೇರಿಯವನು ಮೊದಲು ಓಡಿದ್ದು ತನ್ನ ಹೆಂಡತಿಯ ಮನೆಗೆ, ದೀದಿ. ಅವರೆಲ್ಲ ಉಳಿದರು. ಪಕ್ಕದ ಬೀದಿಯ ಮಕ್ಕಳು ಹೋದರು. ಅವನದು ತಪ್ಪು ಅಂತ ಹೇಗೆ ಹೇಳ್ಲಿ? ಅವನ ಜಾಗದಲ್ಲಿ ನಾನಿದ್ರೆ ಮೊದಲು ಅಮ್ಮನ ಹತ್ರ ಓಡ್ತಿದ್ದೆ.”

“ಓಡದೆ ಇರುವವರು ಯಾರು?”

“ಅದಕ್ಕೇ. ಅದಕ್ಕೇ ಈ ಕೆಲಸ ನಮ್ಮ ಕೈಯಲ್ಲೇ ಇರಬಾರದು.”

ತನ್ನ ಊರಿಗೆ ತಾನು ಫೋನ್ ಮಾಡುವಂತಿಲ್ಲ ಎನ್ನುವ ನಿಯಮ ಅವಳದೇ. ಬೀದಿಯ ಸರದಿಯಂತೆ ಮನೆಗಳು; ಸ್ವಂತ ಮನೆಯೂ ಸರದಿಯಲ್ಲೇ. ಅಮ್ಮನಿಗೆ ತನ್ನ ಸಲುವಾಗಿ ಏನೂ ಹೆಚ್ಚಿಗೆ ಸಿಗಬಾರದು, ಕಮ್ಮಿಯೂ ಆಗಬಾರದು. ಆದರೆ ಅಮ್ಮ ಉಳಿಯಬೇಕು. ಅವಳ ನಿಯಮಗಳನ್ನು ಟೈಪ್ ಮಾಡಿದವಳು ನಾನು. ಒಂದೊಂದು ಸಾಲನ್ನು ಹೇಳುವಾಗಲೂ ಅವಳ ಕಣ್ಣಮುಂದೆ ಆ ಮನೆಯೊಂದೇ ಇರುತ್ತಿತ್ತು ಎಂದು ನನಗೆ ತಿಳಿಯುತ್ತಿತ್ತು.

ಫೆಬ್ರವರಿಯಲ್ಲಿ ಮೊದಲ ತಾಲೀಮು. ಇಂಥ ದಿನ ಬಹ್ರೇನಿನಿಂದ ಫೋನ್ ಬರುತ್ತದೆ, ಸುಳ್ಳು ನೆರೆ, ಎಲ್ಲರೂ ಶಾಲೆಯ ಮಹಡಿಗೆ ಹೋಗಬೇಕು ಎಂದು ಶಾಹಿದಾಳ ಊರಿನ ಮಸೀದಿಯ ಮೈಕಿನಲ್ಲಿ ಮೊದಲೇ ಹೇಳಿಸಿದ್ದರು. ಟೋಮಾ ಎದೆಯುಬ್ಬಿಸಿ ಕುಳಿತ. ಮೊದಲ ಮನೆಗಳು ಸಲೀಸಾಗಿ ಆದವು. ಆಮೇಲೆ ಶಾಹಿದಾಳ ಅಮ್ಮ ಹವ್ವಾ ಸಿಕ್ಕಿದರು. ನಾವೆಲ್ಲ ಕೇಳಲೆಂದು ಫೋನಿನ ಸ್ಪೀಕರು ಹಾಕಿದ್ದೆವು.

ಟೋಮಾ ಸಲಾಂ ಹೇಳಿದ. ಹವ್ವಾ ಸಲಾಂಗೆ ಉತ್ತರ ಕೊಟ್ಟರು. ಅಷ್ಟಕ್ಕೆ ನಿಂತರೆ? ಹೇಗಿದ್ದೀ ಮಗಾ, ಊಟ ಆಯ್ತಾ, ಏನು ಮೀನು, ನಿಮ್ಮಲ್ಲಿ ಮೀನಿಗೆ ತೆಂಗಿನಕಾಯಿ ಹಾಕುತ್ತಾರಾ, ನನ್ನ ಮಗಳು ತಿನ್ನುತ್ತಾಳಾ, ಅವಳು ಬೇಗ ಸಿಟ್ಟು ಮಾಡುತ್ತಾಳೆ ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಶಾಹಿದಾ ತಲೆ ಚಚ್ಚಿಕೊಳ್ಳುತ್ತ ಒಂದೊಂದನ್ನೂ ನಮಗೆ ಹಿಂದಿಯಲ್ಲಿ ಹೇಳಿದಳು. ಟೋಮಾ ಬೆವರುತ್ತ, ತನಗೆ ಬಂದಷ್ಟರಲ್ಲಿ ಎಲ್ಲದಕ್ಕೂ ಹೌದು ಹೌದು ಎಂದ. ಅಬು ಜಾಸಿಂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನನಗೆ ಹೊಟ್ಟೆ ಹುಣ್ಣಾಯಿತು.

ಅಷ್ಟರಲ್ಲಿ ಹೊತ್ತು ಮೀರಿತ್ತು. ನೀರೊಳಗಿನ ಹವಳದ ದಿಬ್ಬದ ಕಡೆಯ, ಸಮುದ್ರಕ್ಕೆ ತಾಗಿದ ಕೊನೆಯ ಬೀದಿಗೆ ಫೋನ್ ಹೋಗಲೇ ಇಲ್ಲ. ತಾಲೀಮಿನ ಲೆಕ್ಕದಲ್ಲಿ ಆ ಬೀದಿ ಪೂರ್ತಿ ಮುಳುಗಿತು.

ಶಾಹಿದಾ ನಕ್ಷೆಯ ಮುಂದೆ ನಿಂತಳು. “ನನ್ನ ಅಮ್ಮನ ಊಟದ ಮಾತಿಗೆ ಒಂದು ಬೀದಿ ಹೋಯ್ತು,” ಎಂದಳು.

ಮರುದಿನ ಅವಳು ಹೊಸ ಮಾತು ಬರೆಸಿದಳು. ಸಲಾಂ ಇಲ್ಲ, ಹೇಗಿದ್ದೀರಿ ಇಲ್ಲ. ಬಹ್ರೇನಿನಿಂದ ಮಾತಾಡುತ್ತಿದ್ದೇನೆ. ಸಮುದ್ರ ಏರುತ್ತಿದೆ. ಈಗಲೇ ಶಾಲೆಯ ಮಹಡಿಗೆ ಹೋಗಿ. ಅಷ್ಟೇ. ಅವರು ಏನು ಕೇಳಿದರೂ ಉತ್ತರ ಕೊಡಬಾರದು. ಅದನ್ನೇ ಇನ್ನೆರಡು ಸಲ ಹೇಳಿ ಫೋನ್ ಇಡಬೇಕು.

ಅಬು ಜಾಸಿಂ ಮುಖ ಸಣ್ಣ ಮಾಡಿದರು. “ಸಲಾಂ ಒಂದಾದರೂ ಇರಲಿ, ಬಿಂತಿ, ಮಗಳೇ. ಎಷ್ಟು ಹೊತ್ತು ಹಿಡಿಯುತ್ತದೆ?”

“ಸಲಾಂ ಹೇಳಿದರೆ ಅವರು ತಿರುಗಿ ಹೇಳಲೇಬೇಕು. ತಿರುಗಿ ಹೇಳಿದರೆ ನಮ್ಮ ಊರಿನವರು ಅಲ್ಲಿಗೆ ನಿಲ್ಲುವುದಿಲ್ಲ. ನೀವು ನಿಲ್ತೀರಾ?”

ಅವರು ನಕ್ಕು ಕೈಯೆತ್ತಿದರು. ನನಗಂತೂ ಈ ನಿಯಮ ಬಹಳ ಹಿಡಿಸಿತು. ಇನ್ನು ಬೆಳಿಗ್ಗೆಯ ಚಹಾಕ್ಕೂ ಇದನ್ನೇ ಮಾಡಿ ಎಂದು ಯಜಮಾನರ ಕಾಲೆಳೆದೆ. ಆದರೆ ಊಟ ಆಯ್ತಾ ಎನ್ನುವ ಹವ್ವಾರ ಮಾತು ಮಾತ್ರ ನಮ್ಮಲ್ಲಿ ಉಳಿದುಕೊಂಡಿತು. ಟೋಮಾ ಬಾಗಿಲು ದಾಟಿ ಬರುವಾಗ ದಿವೇಹಿಯಲ್ಲಿ ನನಗೆ ಅದನ್ನೇ ಕೇಳುತ್ತಿದ್ದ, ನಾನು ಅವನಿಗೆ. ಶಾಹಿದಾ “ಸಾಕು, ಸಾಕು,” ಎಂದು ರೇಗುತ್ತಿದ್ದಳು.

ಹೊಸ ಮಾತಿನ ತಾಲೀಮು ಬೇಸಿಗೆ ರಜೆಗೆ ಮುಂಚೆ ಆಗಬೇಕಿತ್ತು. ಸಮುದ್ರ ಅಷ್ಟು ದಿನ ಬಿಡಲಿಲ್ಲ.

ಬಿಸಿಲು ಏರಿ ಎ.ಸಿ. ಗೊರಗುಟ್ಟತೊಡಗಿದ್ದ ಒಂದು ಬೆಳಿಗ್ಗೆ ಮಾಲ್ದೀವ್ಸ್‌ನ ರಾಜಧಾನಿ ಮಾಲೆಯಿಂದ ಶಾಹಿದಾಳಿಗೆ ಫೋನ್ ಬಂತು. ತೆಂಕಣ ಸಾಗರದಲ್ಲಿ, ಯಾರ ಕಣ್ಣಿಗೂ ಬೀಳದಷ್ಟು ದೂರದಲ್ಲಿ ಬಿರುಗಾಳಿ ಎದ್ದಿತ್ತು. ಅದರ ಅಲೆಗಳು ದಿನಗಟ್ಟಲೆ ಹರಿದು ಬಂದು ಮಧ್ಯಾಹ್ನ ನೀರೇರುವ ಭರತದ ಹೊತ್ತಿಗೆ ಸರಿಯಾಗಿ ಅವಳ ದ್ವೀಪಕ್ಕೆ ಬಡಿಯಲಿದ್ದವು. ಊರಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಆಕಾಶ ತಿಳಿಯಾಗಿತ್ತಂತೆ. ನೋಡಿ ಹೆದರಿಕೊಳ್ಳಲು ಅಲ್ಲಿಯವರಿಗೆ ಏನೂ ಇರಲಿಲ್ಲ.

ಶಾಹಿದಾ ಫೋನಿಟ್ಟು ಟೋಮಾನನ್ನು ನೋಡಿದಳು. ಅವನು ಕೈಯಲ್ಲಿದ್ದ ಚಹಾ ಕೆಳಗಿಟ್ಟ.

ಈ ಸಲ ದಿಬ್ಬದ ಕಡೆಯ ಬೀದಿಯಿಂದ ಶುರು ಮಾಡಿದರು. ಬಹ್ರೇನಿನಿಂದ ಮಾತಾಡುತ್ತಿದ್ದೇನೆ, ಸಮುದ್ರ ಏರುತ್ತಿದೆ, ಈಗಲೇ ಶಾಲೆಯ ಮಹಡಿಗೆ ಹೋಗಿ. ಟೋಮಾನ ಧ್ವನಿ ಒಂದಿಷ್ಟೂ ನಡುಗಲಿಲ್ಲ. ಒಂದು ಮನೆ, ಇನ್ನೊಂದು ಮನೆ. ಶಾಹಿದಾ ಕಿಟಕಿಯ ಬಳಿ ಹಣೆ ಗಾಜಿಗೆ ಒತ್ತಿ ನಿಂತಿದ್ದಳು. ಅಲ್ಲಿಂದ ಕಾಣುತ್ತಿದ್ದದ್ದು ಟುಬ್ಲಿಯ ನಿಂತ ನೀರು, ಅಲ್ಲಿ ಏನೂ ಆಗುತ್ತಿರಲಿಲ್ಲ. ಆ ದಿಬ್ಬದ ಬೀದಿಯಲ್ಲೇ ಅವಳ ಚಿಕ್ಕಮ್ಮನ ಮನೆ. ಅದೂ ಆಯಿತು. ಮಧ್ಯದ ಬೀದಿ ಬಂತು.

ತಾಯಿಯ ಮನೆಯ ಸರದಿ ಬಂದಾಗ ಟೋಮಾ ರಿಸೀವರಿಗೆ ಅಂಗೈ ಮುಚ್ಚಿ ತಿರುಗಿದ. “ನೀನು ಮಾತಾಡುತ್ತೀಯಾ?”

ಇಡೀ ಕೋಣೆ ಅವಳನ್ನೇ ನೋಡಿತು. ಅಬು ಜಾಸಿಂ, “ಮಾತಾಡು ಬಿಂತಿ, ಒಂದು ಮಾತು,” ಎಂದರು. ನನಗೂ ಹಾಗೇ ಅನಿಸಿತ್ತು. ಯಾವ ನಿಯಮ, ಎಂತಹ ನಿಯಮ, ತಾಯಿ ಅಲ್ಲವಾ?

ಶಾಹಿದಾ ತಲೆಯಾಡಿಸಿದಳು. “ನಾನು ಮಾತಾಡಿದರೆ ಅಮ್ಮ ಫೋನ್ ಇಡುವುದಿಲ್ಲ. ನಾನೂ ಇಡುವುದಿಲ್ಲ. ನೀನೇ ಹೇಳು.”

ಟೋಮಾ ಹೇಳಿದ. ಆ ಕಡೆಯಿಂದ ಏನೋ ಕೇಳಿಸಿತು, ಅವನ ಹುಬ್ಬು ಗಂಟಾಯಿತು. ಎರಡನೆಯ ಸಲ ಹೇಳಿದ. ಮೂರನೆಯ ಸಲ ಇನ್ನೂ ನಿಧಾನವಾಗಿ, ಪ್ರತಿ ಶಬ್ದ ಬಿಡಿಸಿ ಹೇಳಿ ಫೋನ್ ಇಟ್ಟ.

“ಏನಂದರು?”

“ನಿನ್ನ ಹೆಸರು ಹೇಳಿದರು. ಪ್ರತಿ ಸಲವೂ ‘ಶಾಹಿದಾ?’ ಎಂದರು.”

ಅವಳ ಮುಖದಲ್ಲಿ ಸಣ್ಣ ನಗು ಬಂತು. ಆ ನಗು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. “ಊಟ ಮಾಡಿದ್ದಾಳಾ ಅಂತ ಕೇಳುವುದಕ್ಕಿರಬೇಕು. ಸರಿ, ಮುಂದಿನ ಮನೆ.”

ಕೊನೆಯ ಮನೆಗೂ ಫೋನ್ ಹೋಯಿತು. ಮಧ್ಯಾಹ್ನ ಲೈನು ಸತ್ತಿತು. ನಾವು ಯಾರೂ ಊಟಕ್ಕೆ ಏಳಲಿಲ್ಲ. ಅಬು ಜಾಸಿಂ ಜಪಮಣಿ ತಿರುಗಿಸುತ್ತ ಕುಳಿತರು, ನಾನು ನನ್ನ ರೋಸರಿ ಹಿಡಿದೆ. ಸಂಜೆಯಾಗುವಾಗ ಮಾಲೆಯಿಂದ ಸುದ್ದಿ ಬಂತು: ಅಲೆ ಊರೊಳಗೆ ನುಗ್ಗಿ ದಿಬ್ಬದ ಬೀದಿಯ ಗೋಡೆಗಳು ಬಿದ್ದಿವೆ, ಬಾವಿಗಳಿಗೆ ಉಪ್ಪುನೀರು ಸೇರಿದೆ, ಆದರೆ ಜನ ಎಲ್ಲ ಶಾಲೆಯ ಮಹಡಿಯಲ್ಲಿದ್ದಾರೆ.

ಎಂತಹ ಕೂಗು ಎದ್ದಿತು! ಟೋಮಾ ನನ್ನನ್ನು ಅನಾಮತ್ತು ಎತ್ತಿ ಇಳಿಸಿದ. ಅಬು ಜಾಸಿಂ ಬಿರಿಯಾನಿ ತರಿಸಲು ಹೇಳಿದರು. ಗ್ಯಾರೇಜಿನಿಂದ ಸ್ಟ್ಯಾನಿ ಎಣ್ಣೆ ಕೈಯಲ್ಲೇ ಓಡಿ ಬಂದು, “ಎಂತ ಆಯ್ತು? ಎಲ್ಲ ಉಳಿದ್ರಾ? ದೇವರು ದೊಡ್ಡವ!” ಎಂದರು. ಶಾಹಿದಾ ನೆಲದ ಮೇಲೆ ಕುಸಿದು ಕುಳಿತು ಅಳುತ್ತ ನಗುತ್ತಿದ್ದಳು. ಬಿರಿಯಾನಿಯ ಪೊಟ್ಟಣ ಬಿಚ್ಚುವಾಗ ಅವಳ ಮೊಬೈಲು ರಿಂಗಾಯಿತು. “ಚಿಕ್ಕಮ್ಮ!” ಎಂದು ಹಾರಿ ಎತ್ತಿಕೊಂಡಳು.

ಅವಳೇ ಮೊದಲು ಸಲಾಂ ಹೇಳಿದಳು. ಆ ಕಡೆಯಿಂದ ಮಾತು ಬಂದಿರಬೇಕು. ಅವಳು ಮತ್ತೆ ಸಲಾಂ ಎಂದಳು. ಮತ್ತೆ ಎಂದಳು, ಈ ಸಲ ಜೋರಾಗಿ. ಆಮೇಲೆ ತನ್ನ ಭಾಷೆಯಲ್ಲಿ ಏನೋ ಬೇಡಿಕೊಳ್ಳತೊಡಗಿದಳು. ಅದರಲ್ಲಿ ನಮಗೆ ತಿಳಿದದ್ದು ಸಲಾಂ ಎನ್ನುವುದೊಂದೇ. ಚಿಕ್ಕಮ್ಮ, ಮೊದಲು ಸಲಾಂ ಹೇಳಿ, ಬೇರೇನೂ ಹೇಳಬೇಡಿ, ಮೊದಲು ಸಲಾಂ ಹೇಳಿ ಎಂದು ಬೇಡುತ್ತಿದ್ದಳಂತೆ. ಚಿಕ್ಕಮ್ಮ ಹೇಳಲಿಲ್ಲ. ಸಾವಿನ ಸುದ್ದಿ ಹೇಳುವವರಿಗೆ ಸಲಾಂ, ಕುಶಲ ಎಲ್ಲಿಂದ ಬರಬೇಕು?

ಆದದ್ದು ಇಷ್ಟು. ಆ ಊರಿನಲ್ಲಿ ಬಹ್ರೇನಿನಲ್ಲಿ ಮಗಳಿದ್ದ ತಾಯಿ ಹವ್ವಾ ಒಬ್ಬರೇ. ಬೇರೆ ಮನೆಯವರು, ಇದೇನು ಸಲಾಂ ಕೂಡ ಇಲ್ಲ ಎಂದು ಬೈದುಕೊಂಡು ಮಹಡಿಗೆ ನಡೆದಿದ್ದರು. ಹವ್ವಾರಿಗೆ ಕೇಳಿಸಿದ್ದು ಬಹ್ರೇನ್ ಎನ್ನುವ ಮಾತು ಮತ್ತು ಕೇಳಿಸದೆ ಹೋದ ಸಲಾಂ. ಸಮುದ್ರದ ಮಾತು ಕಿವಿಗೆ ಬೀಳಲೇ ಇಲ್ಲ. ಮಗಳ ಹೆಸರು ಹಿಡಿದು ಕೇಳಿದರು, ಉತ್ತರ ಬರಲಿಲ್ಲ. ಹೊರಗೆ ಬಂದು ಪಕ್ಕದ ಮನೆಯವಳಿಗೆ, “ಬಹ್ರೇನಿನಿಂದ ಫೋನ್ ಬಂತು. ಸಲಾಂ ಹೇಳಲಿಲ್ಲ. ನನ್ನ ಶಾಹಿದಾ ಹೋದಳು,” ಎಂದರಂತೆ. ಕಂಕುಳಲ್ಲಿ ಮಗುವಿದ್ದ ಆಕೆ ಕೈಹಿಡಿದು ಎಳೆದರೂ ಕೊಸರಿಕೊಂಡು, ತಂಗಿಗೆ ಹೇಳಬೇಕು ಎನ್ನುತ್ತ ದಿಬ್ಬದ ಕಡೆಗೆ ಓಡಿದರಂತೆ. ಅಲೆ ಅವರನ್ನು ಹೊಡೆದದ್ದು ಅಲ್ಲಿಯೇ. ತಂಗಿ ಆಗಲೇ ಶಾಲೆಯ ಮಹಡಿಯಲ್ಲಿದ್ದಳು. ಅವಳಿಗೆ ಟೋಮಾ ಫೋನ್ ಮಾಡಿ ಆಗಿತ್ತಲ್ಲ.

ಅಂದು ಸಂಜೆ ಶಾಹಿದಾಳನ್ನು ನಮ್ಮ ಮನೆಗೇ ಕರೆತಂದೆ. ಸ್ಟ್ಯಾನಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಯಾವಾಗಲೂ ತಮಾಷೆಯ ಮನುಷ್ಯ, ಧ್ವನಿ ಬದಲಾಗಿತ್ತು.

“ನಮ್ಮದೂ ಹಾಗೆಯೇ ಅಲ್ವಾ ಲಿಲ್ಲಿ? ನಿನ್ನ ಅಪ್ಪ ಹೋದಾಗ ನಿನ್ನ ಅಣ್ಣ ಫೋನ್ ಮಾಡಿದ್ದು ನೆನಪುಂಟಾ?”

ನೆನಪಿಲ್ಲದೆ ಉಂಟಾ? ಗಲ್ಫಿಗೆ ಬಂದವರ ಮನೆಯ ಫೋನೆಂದರೆ ಹಲೋ, ಕೇಳ್ತದಾ, ಹೇಗಿದ್ದೀರಿ, ಮಳೆ ಉಂಟಾ, ಊಟ ಆಯ್ತಾ. ವಿಷಯ ಬರುವುದು ಎಲ್ಲಕ್ಕೂ ಕೊನೆಗೆ. ಅವತ್ತು ಅಣ್ಣ ಅದೊಂದೂ ಇಲ್ಲದೆ “ಲಿಲ್ಲಿ” ಎಂದಷ್ಟೇ ಅಂದಿದ್ದ. ಅಷ್ಟಕ್ಕೇ ನಾನು ಅಡುಗೆಮನೆಯ ನೆಲಕ್ಕೆ ಕುಸಿದಿದ್ದೆ. ನಮ್ಮ ಆಫೀಸಿನಲ್ಲಿ ಇದ್ದವರೆಲ್ಲ ಕಡಲು ದಾಟಿ ಬಂದವರು, ಇಲ್ಲವೇ ಕಡಲು ದಾಟಿ ಹೋಗುತ್ತಿದ್ದವರ ಮಕ್ಕಳು. ಇದು ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಆದರೂ ಸಮುದ್ರದ ಲೆಕ್ಕ ಹಾಕುವಾಗ ಒಬ್ಬರಿಗೂ ಹೊಳೆಯಲಿಲ್ಲ. ದೇವರೇ, ಒಬ್ಬರಿಗಾದರೂ ಹೊಳೆಯಬಾರದಿತ್ತಾ?

ದ್ವೀಪದ ಜೆಟ್ಟಿ ಮುರಿದಿದ್ದರಿಂದ ಶಾಹಿದಾಳಿಗೆ ಕೂಡಲೇ ಹೋಗಲು ಆಗಲಿಲ್ಲ. ದಫನವಂತೂ ಮರುದಿನವೇ ಆಗಿತ್ತು. ಆಫೀಸಿಗೆ ಅಭಿನಂದನೆಯ ಸಂದೇಶಗಳು ಬರತೊಡಗಿದವು. ದ್ವೀಪ ದ್ವೀಪಕ್ಕೆ ಕೈಕೊಟ್ಟಿತು, ಪ್ರಯೋಗ ಗೆದ್ದಿತು ಎಂದು ಒಬ್ಬರು ಹೊಗಳಿ ಬರೆದಿದ್ದರು. ಸುಳ್ಳಲ್ಲ. ದಿಬ್ಬದ ಬೀದಿಯ ಮಕ್ಕಳೆಲ್ಲ ಉಳಿದಿದ್ದರು. ಅಬು ಜಾಸಿಂ ಅದನ್ನು ಓದಿ ಮಡಚಿ ಜೇಬಿಗೆ ಹಾಕಿಕೊಂಡರು, ಅವಳಿಗೆ ತೋರಿಸಲಿಲ್ಲ. ಟೋಮಾ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದ, ಅಷ್ಟು ದೊಡ್ಡ ಆಳು ಮುದುಡಿಕೊಂಡು. “ಮೂರು ಸಲ ಹೇಳಿದೆ ಲಿಲ್ಲಿ, ಮೂರು ಸಲ,” ಎನ್ನುತ್ತಿದ್ದ. ಶಾಹಿದಾ ಒಂದು ದಿನ ಅವನ ಪಕ್ಕದಲ್ಲಿ ಹೋಗಿ ಕುಳಿತು, “ನೀನು ಹೇಳಿದ್ದು ನಾನು ಕಲಿಸಿದ್ದನ್ನೇ,” ಎಂದಳು.

ಆ ಯೋಜನೆ ಆಮೇಲೆ ಬೇರೆ ಬೇರೆ ದ್ವೀಪಗಳಿಗೆ ಹೋಯಿತು, ಹೆಸರು ಬದಲಾಯಿತು, ಮೊಬೈಲಿನೊಳಗೆ ಸೇರಿತು. ಟೋಮಾ ತನ್ನ ಊರಿಗೆ ಮರಳಿದ. ಶಾಹಿದಾ ಈಗಲೂ ಅದೇ ಕೆಲಸದಲ್ಲಿದ್ದಾಳೆ. ಅವಳ ಫೋನ್ ಬಂದರೆ ಮೊದಲು ಸಲಾಂ, ಆಮೇಲೆ ನಾನು, ಸ್ಟ್ಯಾನಿ, ಮಗಳು, ಮೊಮ್ಮಗು, ಶಿರ್ವದ ಬಸ್ಸು, ಎಲ್ಲವನ್ನೂ ವಿಚಾರಿಸುತ್ತಾಳೆ. ನಾನು ಈಗ ಗೊಣಗುವುದಿಲ್ಲ. ಒಂದೊಂದಕ್ಕೂ ಉತ್ತರ ಕೊಡುತ್ತೇನೆ.

ಕಾರು ರಿಫಾ ಮುಟ್ಟುವವರೆಗೂ ನನ್ನ ಕಣ್ಣ ಮುಂದಿದ್ದದ್ದು ಮಾತ್ರ ಅವಳು ಊರಿಗೆ ಹೊರಡುವ ಮುಂಚಿನ ಮಧ್ಯಾಹ್ನ.

ಹೊಸ ಮಾತನ್ನು ಅವಳೇ ಬರೆದಿದ್ದಳು. ಅಸ್ಸಲಾಮು ಅಲೈಕುಂ. ಊಟ ಆಯ್ತಾ? ದೂರದಲ್ಲಿರುವ ನಿಮ್ಮವರು ಚೆನ್ನಾಗಿದ್ದಾರೆ. ಈಗ ಸಮುದ್ರ ಏರುತ್ತಿದೆ, ಶಾಲೆಯ ಮಹಡಿಗೆ ಹೋಗಿ. ಇಷ್ಟು ಹೇಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಬೇಕಿತ್ತು. ಟೋಮಾ ಹೊರಗಿನ ಕೋಣೆಯ ಫೋನಿನಲ್ಲಿ, ಊರವರ ಪರವಾಗಿ ಉತ್ತರ ಕೊಡಲು ಅವಳು ಒಳಗಿನ ಕೋಣೆಯ ಫೋನಿನಲ್ಲಿ. ನಾನು ನಡುವಿನ ಬಾಗಿಲಲ್ಲಿ ಕೈಗಡಿಯಾರ ನೋಡುತ್ತ ನಿಂತಿದ್ದೆ. ಇಬ್ಬರೂ ಕಾಣುತ್ತಿದ್ದರು.

ಫೋನ್ ರಿಂಗಾಯಿತು. ಅವಳು ಎತ್ತಿದಳು. ಟೋಮಾ ಸಲಾಂ ಹೇಳಿದ. ಅವಳು ತಿರುಗಿ ಹೇಳಿದಳು. ಊಟ ಆಯ್ತಾ ಎಂದು ಕೇಳಿದ. ಆಯಿತು ಎಂದಳು. ಬಹ್ರೇನಿನಲ್ಲಿರುವ ನಿಮ್ಮ ಮಗಳು ಚೆನ್ನಾಗಿದ್ದಾಳೆ ಎಂದ. ಅವಳು ಬರೆದದ್ದು ಹಾಗಿರಲಿಲ್ಲ, ಅವನ ಬಾಯಲ್ಲಿ ಹಾಗೆ ಬಂತು; ಅಷ್ಟು ದಿವೇಹಿ ಆಗ ನನಗೂ ತಿಳಿಯುತ್ತಿತ್ತು.

ನಾನು ಗಡಿಯಾರ ನೋಡುವುದನ್ನು ಬಿಟ್ಟೆ. ಅವಳು ಆ ನಮ್ಮ ಹಳೆಯ ಮಾತನ್ನೇ ಮೆಲ್ಲನೆ ಕೇಳಿದಳು. ಅವಳಿಗೆ ಊಟ ಆಯ್ತಾ?

ಟೋಮಾ ಫೋನು ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿದ. ತನಗೆ ಬರುವ ಹರಕು ದಿವೇಹಿಯಲ್ಲಿ ಏನೋ ಹೇಳಿದ. ಒಳಗಿನಿಂದ ಅವಳು ಉತ್ತರ ಕೊಟ್ಟು ಫೋನ್ ಇಟ್ಟಳು. ಅದು ನನಗೆ ಅರ್ಥವಾಗಲಿ ಎಂದು ಟೋಮಾ ತಿರುಗಿ, ಒಂದೊಂದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ.

“ಇಲ್ಲ ಅಮ್ಮ, ಅವಳು ಊಟವನ್ನೇ ಬಿಟ್ಟಿದ್ದಾಳೆ, ಅಂದೆ. ‘ಹಾಗಾದರೆ ಮೊದಲು ಅವಳಿಗೆ ಬಡಿಸು ಮಗಾ, ನಾನು ಮಹಡಿಗೆ ಹೋಗುತ್ತೇನೆ,’ ಅಂತ ಅಮ್ಮ ಅಂದರು.”

ಶಾಹಿದಾ ಅಂದಳು ಎನ್ನಲಿಲ್ಲ ಅವನು, ಅಮ್ಮ ಅಂದರು ಎಂದ. ನಾನು ಒಳಗೆ ಹೋಗಿ ಬುತ್ತಿ ಬಿಚ್ಚಿ ಅನ್ನ ಬಿಸಿಗಿಟ್ಟೆ.